ಓದಲಾಗದ ಬೆರಳು

ಅಂಗೋಶೆ ಪಟ್ಟಣ, ಮೊಜಾಂಬಿಕ್. ಗುರುತುಚೀಟಿ ಕಚೇರಿಯಲ್ಲಿ ಅತೀಜಾ.

ಒತ್ತಿದೆ ಮಗು, ಮೂರು ಸಲ ಒತ್ತಿದೆ.
ಬಲಗೈ ಹೆಬ್ಬೆಟ್ಟು, ಎಡಗೈ ಹೆಬ್ಬೆಟ್ಟು,
ನೀನೇ ಹಿಡಿದು, ಒರೆಸಿ, ಮತ್ತೆ ಒತ್ತಿಸಿದೆ.
ಪೆಟ್ಟಿಗೆಯ ಕೆಂಪು ದೀಪ ಕೀಂ ಅಂತು.
'ಓದಲಾಗುತ್ತಿಲ್ಲ ಅಂತಿದೆ, ಅಜ್ಜಿ' ಅಂದೆ ನೀನು.
ನಗು ಬಂತು ನನಗೆ.
ಅಷ್ಟು ದೂರದಿಂದ ತರಿಸಿದ ಯಂತ್ರ,
ಅದಕ್ಕೂ ಓದು ಬರುವುದಿಲ್ಲವೇ?

ಅದರ ತಪ್ಪಲ್ಲ ಬಿಡು. ಬೆರಳು ನೋಡಿಲ್ಲಿ,
ಇಪ್ಪತ್ತಾರು ವರ್ಷ ಗೇರುಬೀಜ ಒಡೆದ ಬೆರಳು.
ಸಿಪ್ಪೆ ಬಿರಿದಾಗ ಸಿಡಿಯುವ ಸೊನೆ
ಮೊದಲು ಚರ್ಮ ಸುಡುತ್ತದೆ, ಆಮೇಲೆ ಸುಲಿಯುತ್ತದೆ,
ಆಮೇಲೆ ಕೂತು ನಿಧಾನವಾಗಿ
ಗೆರೆಗಳನ್ನು ಒಂದೊಂದಾಗಿ ನೆಕ್ಕುತ್ತದೆ.
ಸೊನೆ ತಿಂದು ಉಳಿಸಿದ್ದು ಸೊನ್ನೆ.
ಬೀಜ ಮಾತ್ರ ಇಡಿಯಾಗಿ ಬರಬೇಕು; ಮುರಿದರೆ ಕೂಲಿ ಕಡಿತ.
ಬೀಜ ಇಡಿಯಾಗಿಯೇ ಬಂತು.
ಹಡಗು ಹತ್ತಿ ಹೋಯಿತು.

ಓದು ಬಾರದವರನ್ನು ಹೆಬ್ಬೆಟ್ಟು ಅಂತೀರಿ.
ನನಗೆ ಅದೂ ಉಳಿಯಲಿಲ್ಲ ನೋಡು.

ಹಳೆಯ ಚೀಟಿ ಇದೆ, ತೆಗೆ ಆ ಪ್ಲಾಸ್ಟಿಕ್ಕಿನಿಂದ.
ಸಹಿಯ ಜಾಗದಲ್ಲಿ ಏನೋ ಮುದ್ರೆ ಹೊಡೆದಿದ್ದರು.
ಸರಕಾರದ ಆಶೀರ್ವಾದ ಅಂದುಕೊಂಡು
ಕಪುಲಾನದ ಸೆರಗಿಗೆ ಗಂಟು ಹಾಕಿ ಎದೆಗಿಟ್ಟುಕೊಂಡಿದ್ದೆ.
ಹೋದ ರಂಜಾನಿನಲ್ಲಷ್ಟೇ ಓದಿದೆ:
'ಸಹಿ ಮಾಡಲು ಬಾರದು.'
ಇಷ್ಟು ವರ್ಷ ನನ್ನ ಮೇಲಿನ ಚಾಡಿಯನ್ನು
ನಾನೇ ಹೊತ್ತು ತಿರುಗಿದ್ದೆ.

ಹೌದು, ಓದಿದೆ. ಯಾಕೆ ಹಾಗೆ ನೋಡುತ್ತೀ?
ಅಬೀಬಾ ಕಲಿಸಿದಳು. ಹತ್ತೊಂಬತ್ತರ ಹುಡುಗಿ,
ಬೆನ್ನಿಗೆ ಕೂಸು ಕಟ್ಟಿಕೊಂಡೇ ಪಾಠ.
ಮೀನು ಒಣಹಾಕುವ ಚಪ್ಪರದಡಿ, ರಾತ್ರಿ ಏಳಕ್ಕೆ,
ಹನ್ನೊಂದು ಹೆಂಗಸರು, ಒಬ್ಬ ಗಂಡಸು
(ಅವನು ಹೆಂಡತಿಯನ್ನು ಎಳೆದೊಯ್ಯಲು ಬಂದು ಕೂತವನು).
ಕೂಸು ಅತ್ತರೆ ಯಾರದಾದರೂ ತೊಡೆ,
ಬೋರ್ಡು ಕಾಣದಿದ್ದರೆ ಯಾರದಾದರೂ ಫೋನಿನ ಬೆಳಕು.

ನನ್ನ ಹೆಸರಿನೊಳಗೆ ಒಂದು ಗಾಳವಿದೆ, ಗೊತ್ತೇ?
ಗಂಡ ಕಡಲಿಗೆ ಹೋಗುತ್ತಿದ್ದ ಕಾಲದಲ್ಲಿ
ಸೊಟ್ಟಾದ ಗಾಳ ನೂರು ತಿದ್ದಿಕೊಟ್ಟಿದ್ದೆ.
'ಜೆ' ತಿದ್ದುವಾಗ ಅಬೀಬಾ ಕೈ ಹಿಡಿಯಲೇ ಇಲ್ಲ.

ಆಮೇಲೆ ಆ ಗೋಡೆ.
ಕಾರ್ಖಾನೆ ಬಾಗಿಲಿನ ಬಲಕ್ಕೆ ನೀಲಿ ಬೋರ್ಡು.
ಅದರ ಕೆಳಗೇ ದಿನಾ ಊಟದ ಡಬ್ಬಿ ಇಟ್ಟವಳು,
ಮೂರು ಬಸುರಿನಲ್ಲೂ ಅದಕ್ಕೇ ಬೆನ್ನು ಕೊಟ್ಟು ಕೂತವಳು.
ಒಂದು ಬೆಳಿಗ್ಗೆ ಕಣ್ಣು ಸುಮ್ಮನಿರಲಿಲ್ಲ.
ಲು. ವಾಶ್.
ಲುವಾಶ್?
ನಮ್ಮ ಮಕುವಾದ ಮಾತಲ್ಲ, ಪೋರ್ಚುಗೀಸು.
ರಾತ್ರಿ ಅಬೀಬಾಳನ್ನು ಕೇಳಿದೆ. ಅವಳು
ಚಾಕ್‌ಪೀಸು ಕೆಳಗಿಟ್ಟು ನನ್ನ ಕೈ ನೋಡಿದಳು.
ಕೈಗವಸು, ಅಂದಳು.
ಕೈಗವಸು ಕಡ್ಡಾಯ.

ಅವತ್ತು ಪಾಠ ಮುಂದೆ ಹೋಗಲಿಲ್ಲ.

ಬರೆಸಿದ್ದರು ಮಗು, ದಪ್ಪಕ್ಷರದಲ್ಲಿ ಬರೆಸಿದ್ದರು.
ಯಾರು ಓದಲಾರರೆಂದು ತಿಳಿದೇ ಬರೆಸಿದ್ದರು.
ಸೊನೆಗಿಂತ ಉರಿಯಿತು ಆ ಎರಡು ಪದ.
ಮರುದಿನ ಮೇಸ್ತ್ರಿಯ ಎದುರು ನಿಂತು
ತಡವರಿಸುತ್ತ, ಆದರೆ ಗಟ್ಟಿಯಾಗಿ ಓದಿದೆ.
ಹಿಂದಿನ ಸಾಲಿನ ಸುತ್ತಿಗೆಗಳು ನಿಂತವು.
ಕೈಗವಸು ಬಂತು, ನಲವತ್ತು ಜೊತೆ.
ನಾವು ನೂರ ಹನ್ನೆರಡು ಮಂದಿ.
ಇನ್ನೂ ಓದುತ್ತಿದ್ದೇವೆ, ದಿನಾ, ಬಾಗಿಲಲ್ಲಿ ನಿಂತು.

'ಈ ವಯಸ್ಸಿಗೆ ಯಾಕಜ್ಜಿ' ಅಂದೆಯಲ್ಲ ಆಗ,
ಈ ವಯಸ್ಸಿಗೆ ಹಸಿವಾಗುವುದಿಲ್ಲವೇ?
ಔಷಧಿ ಶೀಶೆಯ ಮೇಲಿನದನ್ನು
ಹಲ್ಲಿಲ್ಲದವಳಿಗೆ ಬೇರೆಯಾಗಿ ಬರೆದಿರುತ್ತಾರೆಯೇ?
ಬಾವಿಯ ನೀರು ಎಷ್ಟು ವರ್ಷದವರೆಗೆ ಕುಡಿಯಬಹುದು ಅಂತ
ಯಾವ ಕಾಗದದಲ್ಲಿದೆ, ತೋರಿಸು. ಓದುತ್ತೇನೆ.

ತಡವಾಯಿತು, ಒಪ್ಪುತ್ತೇನೆ.
ತಡ ಮಾಡಿದ್ದು ನಾನಲ್ಲ.

ಸಾಲು ಬೆಳೆಯುತ್ತಿದೆ ಹಿಂದೆ. ಯಂತ್ರ ಸರಿಸು,
ಪೆನ್ನು ಕೊಡು. ನಿಧಾನ ನನ್ನದು, ಕಾಯಬೇಕು ನೀನು.
ಗಾಳದ ತನಕ ಬಂದಾಗ ಕೈ ಸ್ವಲ್ಪ ನಡುಗುತ್ತದೆ,
ಗೆರೆ ದಾಟಿದರೆ ದಾಟಲಿ.
ಆ ಮುದ್ರೆ ಇದೆಯಲ್ಲ,
ಅದನ್ನು ಮೇಜಿನೊಳಗಿಡು.