ಬೀಗದ ಕೈ ಬೇಕಾದವರು

‘ಬೀಗದ ಕೈ ಬೇಕಾದವರು
ಎದುರು ಮನೆಯ ಶ್ರೀಮತಿ ಥರ್ಟಲ್ ಅವರನ್ನು ಕೇಳಿ’ –
ಬಾಗಿಲಿನ ಈ ಚೀಟಿ ಬರೆದದ್ದೂ ನಾನೇ.
ಗೇಣುದ್ದದ ಕಬ್ಬಿಣ. ಎರಡು ಸುತ್ತು ತಿರುಗಿಸಿ,
ಮೊಣಕಾಲಲ್ಲಿ ಒಮ್ಮೆ ಗುದ್ದಬೇಕು.

ತಲೆ ಬಗ್ಗಿಸಿ ಬನ್ನಿ. ಮೂರು ಮೆಟ್ಟಿಲು ಕೆಳಗೆ.
ನೆಲ ತಗ್ಗಿದ್ದಲ್ಲ, ಹೊರಗಿನ ಮಣ್ಣು ಏರಿದ್ದು:
ಏಳುನೂರು ವರ್ಷದ ಸತ್ತವರು
ಸದ್ದಿಲ್ಲದೆ ಊರನ್ನು ಎತ್ತಿ ಹಿಡಿದಿದ್ದಾರೆ.

ಗೋಡೆ ಚಕಮಕಿ ಕಲ್ಲಿನದು,
ಈ ಸೀಮೆಯಲ್ಲಿ ಬೇರೆ ಕಲ್ಲು ಹುಟ್ಟುವುದಿಲ್ಲ.
ಕಂಬದ ಕಲ್ಲು ದೋಣಿಯಲ್ಲಿ ಬಂತು,
ಆಗ ಹೊಳೆ ಇತ್ತು.
ಬಡಗಣ ಸಾಲು ದುಂಡು, ತೆಂಕಣ ಸಾಲಿಗೆ ಎಂಟು ಮೂಲೆ.
ನಡುವೆ ಪ್ಲೇಗು ಬಂತು, ದುಂಡಗೆ ಕಡೆಯುವವರು ಉಳಿಯಲಿಲ್ಲ
ಎನ್ನುತ್ತಿದ್ದರು ಹಳೇ ಪಾದ್ರಿ.
ದುಡ್ಡು ಮುಗಿದಿತ್ತೆಂದು ನನ್ನ ಅಂದಾಜು.

ಇಲ್ಲಿ ಗೋಡೆಯೊಳಗೊಂದು ಸುರುಳಿ ಮೆಟ್ಟಿಲು.
ಹತ್ತಿದರೆ ಎರಡಾಳೆತ್ತರದಲ್ಲಿ ಬಾಗಿಲು,
ಬಾಗಿಲಾಚೆ ಗಾಳಿ.
ಶಿಲುಬೆ ಹೊತ್ತ ಅಟ್ಟವನ್ನು ರಾಜನ ಆಳುಗಳು ಕಡಿದು ಉರಿಸಿದರು,
ಮೆಟ್ಟಿಲು ಮುಚ್ಚುವುದಕ್ಕೆ ಮಾತ್ರ ಯಾರೂ ಕೂಲಿ ಕೊಡಲಿಲ್ಲ.
ನನ್ನ ಮಗ ಆರು ವರ್ಷದವನು, ಭಾನುವಾರ, ಪ್ರಾರ್ಥನೆಯ ನಡುವೆ
ಅಲ್ಲಿ ನಿಂತು ಕೂಗಿದ್ದ:
‘ಅಮ್ಮಾ, ಇಲ್ಲಿಂದ ಮುಂದೆ?’

ಇವರು ಸರ್ ಓಸ್‌ಬರ್ಟ್, ಇಡೋನಿಯಾ.
ಹಾಲುಗಲ್ಲಿನ ದಂಪತಿ.
ಅವನ ಮೂಗು ಮುರಿದದ್ದು ಹೆಂಡತಿಯನ್ನು ಕಂಡಲ್ಲ,
ಯಾವನೋ ಸಿಪಾಯಿಯ ಕೋವಿ ಹಿಡಿಗೆ.
ಕಾಲಡಿಯ ಸಿಂಹಕ್ಕೆ ಬೆಕ್ಕಿನ ಮುಖ –
ಕೆತ್ತಿದವನು ಸಿಂಹ ಕಂಡವನಲ್ಲ, ಬೆಕ್ಕು ಸಾಕಿದವನು.
ಅವಳ ಕಾಲಡಿ ನಾಯಿಮರಿ,
ನಿಲುವಂಗಿಯ ಅಂಚು ಕಚ್ಚಿ ಎಳೆಯುತ್ತಿದೆ,
ಎದ್ದೇಳು, ಹೊತ್ತಾಯಿತು ಎಂಬಂತೆ.

ಬಾವಲಿಗಳಿಗೆ ಕಾನೂನಿನ ರಕ್ಷಣೆ ಇದೆ,
ಅವುಗಳ ಹಿಕ್ಕೆ ಬೀಳುವ ಇವರಿಗಿಲ್ಲ.
ಸೋಮವಾರ ಸೋಮವಾರ ನಾನು ಬರುತ್ತೇನೆ,
ನಮ್ಮವನ ಗಡ್ಡದ ಬ್ರಷ್ಷು ಹಿಡಿದು.
ಒಣ ಬ್ರಷ್ಷೇ ಆಗಬೇಕು. ಕಲ್ಲು ಅಂದರೂ
ನೀರು ತಾಗಿದರೆ ಇದು ಸವೆಯುತ್ತದೆ.

ಅಂಚಿನ ಬರಹ ನೋಡಿ. ಲ್ಯಾಟಿನ್ ಬೇಡ, ಅಂಕಿ ಸಾಕು.
ಅವನು ಸತ್ತದ್ದು ಸಾವಿರದ ನಾನೂರ ಹದಿನೇಳು.
ಅವಳು ಸಾವಿರದ ನಾನೂರ
– ಅಷ್ಟೇ.
ಮುಂದೆ ನುಣ್ಣಗೆ ಉಜ್ಜಿದ ಜಾಗ, ಮೂರು ಬೆರಳಗಲ.
ಬದುಕಿದ್ದಾಗಲೇ ಕೆತ್ತಿಸಿಕೊಂಡವಳು
ಆಮೇಲೆ ಬಂದು ಮಲಗಲೇ ಇಲ್ಲ.
ಮತ್ತೆ ಮದುವೆಯಾದಳೋ, ಮಠ ಸೇರಿದಳೋ,
ಹಡಗು ಹತ್ತಿದಳೋ,
ಉಳಿ ಹಿಡಿದವನಿಗೆ ಯಾರೂ ಹೇಳಿಕಳಿಸಲಿಲ್ಲ.
ಅಲ್ಲಿಗೆ ಬಂದಾಗ ನನ್ನ ಬ್ರಷ್ಷು
ತಾನಾಗಿ ನಿಧಾನವಾಗುತ್ತದೆ.

ನಮ್ಮವನು ಹೊರಗಿದ್ದಾನೆ, ಯೂ ಮರದ ಆಚೆ.
ಐವರ್ ಥರ್ಟಲ್, ಗಂಟೆ ಬಾರಿಸುತ್ತಿದ್ದವನು,
ಕಲ್ಲಿನ ಕೆಳಗರ್ಧ ಬೋಳು.
‘ನಿಮ್ಮ ಹೆಸರು, ಹುಟ್ಟಿದ ವರ್ಷ ಈಗಲೇ ಹಾಕಿಬಿಡಲೇ?
ಒಟ್ಟಿಗಾದರೆ ಅಗ್ಗ,’ ಅಂದಿದ್ದ ಕಲ್ಲುಕುಟಿಗ.
ಪೈಸೆ ಪೈಸೆಗೂ ಲೆಕ್ಕ ಇಡುವವಳು ನಾನು.
ಬೇಡ ಅಂದೆ.

ನೋಡುವಷ್ಟು ನೋಡಿ. ಅವಸರವಿಲ್ಲ.
ಹೋಗುವಾಗ ಬಾಗಿಲನ್ನು ನಿಮ್ಮ ಕಡೆ ಬಲವಾಗಿ ಎಳೆದುಕೊಳ್ಳಿ,
ಗುಬ್ಬಿ ನುಗ್ಗಿದರೆ ಹೊರದಾರಿ ಕಾಣದೆ ಸಾಯುತ್ತವೆ.
ಬೀಗದ ಕೈ ನಮ್ಮ ಹೊಸ್ತಿಲಲ್ಲಿ, ಹಾಲಿನ ಬಾಟಲಿಯ ಹಿಂದೆ ಇಡಿ.
ನಾನು ಮನೆಯಲ್ಲಿರುವುದಿಲ್ಲ.
ಎರಡೂಕಾಲಿಗೆ ಒಂದು ಬಸ್ಸಿದೆ.
ಎಲ್ಲಿಗೆ ಎಂದು
ಚೀಟಿಯಲ್ಲಿ ಬರೆದಿಲ್ಲ.