ಸರದಿ

ಇವತ್ತು ನನ್ನ ಸರದಿ.
ನಾಲೆ ನೀರಿನ ಸರದಿ ಇದ್ದ ಹಾಗೇ ಇದೂ,
ಯಾರ ಪಾಲಿಗೆ ಬಂತೋ ಆ ರಾತ್ರಿ ಅವನು
ರೆಪ್ಪೆ ಮುಚ್ಚುವಂತಿಲ್ಲ,
ಮಡೆ ಬಿಟ್ಟು ಆಚೀಚೆ ಹೋಗುವಂತಿಲ್ಲ.

ಇಂಡುವಾಳಿನ ಹತ್ತಿರ ಹೆದ್ದಾರಿ ಡಾಬಾ.
ಬೋರಲಿಂಗನಿಗೆ ಹೆಣ್ಣು ಗೊತ್ತಾದ ಖುಷಿಗೆ
ನಾವು ಐದು ಜನ, ಮೂರು ಬೈಕು.
ಕೂರುವ ಮೊದಲೇ ಟವೆಲ್ಲು ಹಾಸಿದೆ,
ಬಿದ್ದವು ಮೂರು ಬೀಗದಕೈ:
ಒಂದಕ್ಕೆ ಪ್ಲಾಸ್ಟಿಕ್ ನಿಂಬೆಹಣ್ಣು,
ಒಂದಕ್ಕೆ ಮಗಳ ಗೆಜ್ಜೆಯ ತುಂಡು,
ಇನ್ನೊಂದಕ್ಕೆ ಏನಿಲ್ಲ, ಬರೀ ಸುತಲಿ.
ಗಂಟು ಹಾಕಿ ಸೊಂಟಕ್ಕೆ ಬಿಗಿದುಕೊಂಡೆ.
ನನಗೆ ನಿಂಬೆ ಸೋಡಾ. ಅವರಿಗೆ ಅವರದು.

ಮೊದಲು ಮುದ್ದೆ, ಆಮೇಲೆ ಮಿಕ್ಕಿದ್ದು.
ಎರಡನೇದಕ್ಕೂ ಮೂರನೇದಕ್ಕೂ ನಡುವೆ
ತಲೆಗೊಂದು ಚೊಂಬು ನೀರು.
ಬೋರಲಿಂಗನ ಫೋನು ನನ್ನ ಜೇಬಲ್ಲಿ.
ಎಂಟು ಗಂಟೆಗೇ ಶುರು ಹಚ್ಚಿದ್ದ,
"ಅವಳಿಗೆ ಒಂದೇ ಒಂದು ಸಲ ಫೋನ್ ಮಾಡ್ತೀನಿ ಕಣ್ಲಾ."
ಮದುವೆ ಆಗುವವಳಿಗಲ್ಲ. ಹಿಂದಿನವಳಿಗೆ.

ಅಯಾಜ್ ಕುಡಿಯುವವನೇ ಅಲ್ಲ.
ಹಾಗಂತ ಪ್ರತಿ ಸಲ ಅವನೇ ಕಾಯಬೇಕೇ?
ಅವನಿಗೂ ಬೇಕು ಒಂದು ರಾತ್ರಿ,
ಯಾರ ತಲೆಯನ್ನೂ ಎಣಿಸದೆ
ಕಬಾಬಿನ ಮೂಳೆ ಚೀಪುತ್ತ ಕೂರುವುದಕ್ಕೆ.

ಹನ್ನೊಂದೂವರೆಗೆ ಎದ್ದ ಕೆಂಪರಾಜು.
"ಕೊಡ್ಲಾ ಬೀಗದಕೈಯ."
ಕೊಡಲಿಲ್ಲ.
"ಐದು ಮೈಲಿ. ಕಣ್ಮುಚ್ಕಂಡ್ ಓಡುಸ್ತೀನಿ."
ಅದೇ ಕಣ್ಲಾ ನನ್ನ ಭಯ, ಅಂದೆ.
"ನೀನ್ಯಾವೂರ್ ಅಪ್ಪ ನಂಗೆ?"
ಕೊರಳಪಟ್ಟಿಗೆ ಕೈ ಹಾಕಿದ.
ಅಂಗಿಯ ಗುಂಡಿ ಕಿತ್ತು ಸಾರಿಗೆ ಬಿತ್ತು.
ಸಿಟ್ಟು ಬಂತು, ಇಲ್ಲ ಅನ್ನಲ್ಲ.
ಗಂಟಿನ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

ಅವನಿಗೂ ಗೊತ್ತು, ನನಗೂ ಗೊತ್ತು.
ಹೆಸರು ಮಾತ್ರ ಯಾರೂ ಎತ್ತಲಿಲ್ಲ.

ಮೂರು ವರ್ಷದ ಕೆಳಗೆ, ಇದೇ ಮೇಜು.
ಮಾದೇಶ ಎದ್ದು ಹೊರಟಾಗ
"ಹುಷಾರು ಕಣ್ಲಾ" ಅಂದಿದ್ದವು ಐದು ಬಾಯಿ.
ಬೀಗದಕೈ ಕಿತ್ತುಕೊಳ್ಳಲು
ಹತ್ತು ಕೈಯಲ್ಲಿ ಒಂದು ಏಳಲಿಲ್ಲ.
(ಅಯಾಜ್ ಅವತ್ತೂ ಕುಡಿದಿರಲಿಲ್ಲ.
ಅದನ್ನು ಅವನು ಈಗಲೂ ಹೇಳಿಕೊಳ್ಳುತ್ತಾನೆ,
ಯಾರೂ ಕೇಳದಿದ್ದರೂ.)
ಶಿವಳ್ಳಿ ದಾರಿ, ನಾಲೆ ಏರಿ, ತಡೆಗೋಡೆ ಇಲ್ಲದ ತಿರುವು.
ನೀರು ನಿಲ್ಲಿಸಿದ ದಿನ ಬೈಕು ಸಿಕ್ಕಿತು,
ಇಂಡಿಕೇಟರಿನ ಗುಂಡಿ ಎಡಕ್ಕೇ ಇತ್ತು.
ಎಡಕ್ಕೇ ಅವನ ಮನೆ.

ತಿಮ್ಮಣ್ಣನ ಓಮ್ನಿಗೆ ಸಂಜೆಯೇ ಹೇಳಿಟ್ಟಿದ್ದೆ.
ಹಗಲು ಬೆಲ್ಲ ಹೊರುವ ಗಾಡಿ,
ಸೀಟಿಗೆಲ್ಲ ಆಲೆಮನೆ ವಾಸನೆ.
ಬೈಕುಗಳನ್ನು ಡಾಬಾದ ಹಿತ್ತಲಿಗೆ ತಳ್ಳಿ
ಒಬ್ಬೊಬ್ಬರನ್ನೇ ಹತ್ತಿಸಿದೆ: ಒಂದು, ಎರಡು, ಮೂರು...
ನಿಂಗೇಶ ಎಲ್ಲಿ?
ಕೈತೊಳೆಯುವ ತೊಟ್ಟಿಯ ಹಿಂದೆ ಒರಗಿದ್ದ.
ಕರೆದರೆ ಓ ಅನ್ನಲಿಲ್ಲ.

ನಮ್ಮ ತೊಡೆಗಳ ಮೇಲೆ ಮಗ್ಗುಲಾಗಿ ಮಲಗಿಸಿ
ಮೂಗಿನ ಹತ್ತಿರ ಹಿಂಗೈ ಹಿಡಿದೆ.
ಬಿಸಿ ಇದೆ. ಇದೆ. ಮತ್ತೆ ಇದೆ.
ಅಯಾಜ್ ಅಂಗಾಲು ತಿಕ್ಕಿದ, ತನ್ನ ಸರದಿ ಅಲ್ಲದಿದ್ದರೂ.
"ತಿಮ್ಮಣ್ಣ, ಊರ ಕಡೆ ಬೇಡ, ಮಿಮ್ಸ್ ಆಸ್ಪತ್ರೆಗೆ ತಿರುಗಿಸು.
ಮನೇಲಿ ಬೈದರೆ ಬೈಯಲಿ, ನಾಳೆ ಬೈಸಿಕೊಳ್ಳೋಣ."
ಗಾಡಿ ತಿರುಗಿತು.
ಆಸ್ಪತ್ರೆ ಗೇಟಿನಲ್ಲಿ ನನ್ನ ಪ್ಯಾಂಟಿನ ಮೇಲೆಲ್ಲ ಕಕ್ಕಿಕೊಂಡು
"ಅವ್ವ" ಅಂದ ನಿಂಗೇಶ.
ಇಷ್ಟು ಒಳ್ಳೆಯ ಮಾತು ಅವನು ಯಾವತ್ತೂ ಆಡಿರಲಿಲ್ಲ.
ಆದರೂ ಒಳಗೆ ಕರೆದೊಯ್ದೆವು.
ನರ್ಸಮ್ಮ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದರು,
ಸೋಡಾ ಕುಡಿದ ನನ್ನನ್ನೂ ಸೇರಿಸಿ.

ಮೂರೂವರೆಯಿಂದ ಒಬ್ಬೊಬ್ಬರ ಮನೆ ಬಾಗಿಲು.
ಒಳಗಿಂದ ಅಗುಳಿ ಬಿದ್ದ ಸದ್ದು ಕೇಳಿದ ಮೇಲೇ
ಮುಂದಕ್ಕೆ, ಅಂದೆ ತಿಮ್ಮಣ್ಣನಿಗೆ.

ಬೆಳಿಗ್ಗೆ ಹತ್ತಕ್ಕೆ ಕೆಂಪರಾಜು ಬಂದ,
ಬಾಗಿಲಲ್ಲೇ ನಿಂತು ಚಪ್ಪಲಿ ನೋಡಿಕೊಳ್ಳುತ್ತ.
ಗೆಜ್ಜೆ ತುಂಡಿನ ಬೀಗದಕೈ ಅವನ ಅಂಗೈಗಿಟ್ಟೆ.
"ರಾತ್ರಿ ನಾನ್ ಏನಾರ ಅಂದ್ನೇನ್ಲಾ?"

ಗುಂಡಿ ಹೋದ ಜಾಗಕ್ಕೆ
ಪಿನ್ನು ಚುಚ್ಚಿಕೊಳ್ಳುತ್ತ ಹೇಳಿದೆ,
ಏನೂ ಇಲ್ಲ ಬಾ, ಕಾಫಿ ಕುಡಿ.