ಒಂದೇ ಚಮಚ

ಹ್ಯಾಲಿಫ್ಯಾಕ್ಸಿನ ಏರುಬೀದಿಯ ಗ್ಯಾರೇಜಿನಲ್ಲಿ
ಕೀತ್ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರು ಎಬ್ಬಿ
ನನ್ನ ಅಂಗೈಗಿಟ್ಟ.
ರಾತ್ರಿಯಿಡೀ ನೆನೆದ ಕಡಲೆಯ ಹಾಗೆ ಉಬ್ಬಿತ್ತು.

"ಬ್ರೇಕಿನ ಡಬ್ಬಿಗೆ ಸ್ಟೀರಿಂಗ್ ಎಣ್ಣೆ ಸುರಿದವರು ಯಾರು?"

ನಾನೇ. ನಾದಿನಿಯ ಕಾರು.
ಕೇಳದೆ ಮಾಡಿದ ಉಪಕಾರ.
ಒಂದೇ ಚಮಚ, ಅಂದೆ.
ಹಾಲು ಒಡೆಯಲು ಹುಳಿ ಎಷ್ಟು ಬೇಕು?
ಅವನಿಗೆ ಆ ಮಾತು ಗೊತ್ತಿಲ್ಲ,
ಮುಖ ಮಾತ್ರ ಅದನ್ನೇ ಹೇಳಿತು.

ತೊಳೆದರೆ ಹೋಗಲ್ಲವಂತೆ.
ಸಿಲಿಂಡರು, ಪೈಪು, ನಾಲ್ಕೂ ಚಕ್ರದ ಸೀಲು,
ಎಣ್ಣೆ ಮುಟ್ಟಿದ ರಬ್ಬರೆಲ್ಲ ಹೊಸದು.
ಬರೆಯುತ್ತಲೇ ಹೋದ.

ಹೊರಗೆ ಕಲ್ಲುಬೀದಿ ನೆಟ್ಟಗೆ ಕೆಳಕ್ಕೆ,
ತುದಿಯಲ್ಲಿ ಶಾಲೆಯ ಗೇಟು.
ಮೊನ್ನೆ ಅಲ್ಲೇ ಪೆಡಲು
ಪಾದದಡಿ ಹಸಿ ಮಣ್ಣಾಗಿತ್ತು.
ಹೇಗೋ ನಿಂತಿತು.
ಯಾರಿಗೂ ಹೇಳಿರಲಿಲ್ಲ.

"ಚಿತ್ಕಲಾ, ಒಂದು ನಿಮಿಷ ಪುರುಸೊತ್ತಿದೆಯಾ?"
ಫೋನಿನಲ್ಲಿ ಅವಳು ಹೂಂ ಅನ್ನುವಷ್ಟರಲ್ಲಿ
ರಬ್ಬರನ್ನು ಬೆರಳಿನಲ್ಲಿ ಹಿಂಡಿ ನೋಡಿದೆ.
ಇಳಿಯಲಿಲ್ಲ.